ಅಪ್‌ಡೇಟ್: ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಎರಡೂ ಮನೇಲೇ ಹಾಕ್ದೆ

ಹೋದ ತಿಂಗಳು ಕೇಳಿದ್ನಲ್ಲ, 92,000 ಕಿಮೀ ಓಡಿರೋ ಹಳೇ ಡೀಸೆಲ್ ಗಾಡೀಲಿ ಕೂಲೆಂಟ್ ಸೋರ್ತಿದೆ, ಅದನ್ನ ಎಂಜಿನ್ನಲ್ಲಿ ಓಡಿಸೋ ವಾಟರ್ ಪಂಪ್ ಒಂದೇ ಬದಲಾಯಿಸಿದ್ರೆ ಸಾಕಾ ಅಂತ. ಎಲ್ರೂ ಟೈಮಿಂಗ್ ಬೆಲ್ಟೂ (ಎಂಜಿನ್ನಿನ ಮುಖ್ಯ ಶಾಫ್ಟ್ ಕ್ರ್ಯಾಂಕ್, ವಾಲ್ವ್ ತೆರೆಯೋ ಶಾಫ್ಟ್ ಕ್ಯಾಮ್, ಎರಡನ್ನೂ ತಾಳ ತಪ್ಪದ ಹಾಗೆ ಜೋಡಿಸೋ ಹಲ್ಲಿನ ಬೆಲ್ಟ್) ಹಾಕ್ಬಿಡಿ ಅಂದ್ರಿ, ಸರಿಯಾಗೇ ಹೇಳಿದ್ರಿ. ಇದ್ರಲ್ಲಿ ಪಂಪ್ ತಿರುಗೋದೇ ಆ ಬೆಲ್ಟಿಂದ, ಬಿಚ್ಚಿ ನೋಡಿದ್ರೆ ಬೆಲ್ಟಿನ ಒಂದಂಚು ಕೂಲೆಂಟಲ್ಲಿ ನೆಂದು ಊದ್ಕೊಂಡಿತ್ತು, ಬೆನ್ನ ಮೇಲೆಲ್ಲಾ ಕೂದಲೆಳೆ ಬಿರುಕು.

ಶನಿವಾರ ಬೆಳಿಗ್ಗೆ ಶುರು ಮಾಡಿದ್ದು ಮುಗಿದಾಗ ಭಾನುವಾರ ಸಂಜೆ. ಅರ್ಧ ದಿನ ತಿಂದಿದ್ದು ಕ್ರ್ಯಾಂಕ್ ಪುಲ್ಲಿ ಬೋಲ್ಟ್ ಒಂದೇ, ಕೊನೆಗೆ ಮೂರಡಿ ಪೈಪ್ ಸಿಕ್ಕಿಸಿ ನಾನೂ ತಮ್ಮನೂ ಜೋತು ಬಿದ್ಮೇಲೆ ಟಕ್ ಅಂತ ಬಿಡ್ತು (ಎಂಜಿನ್ ತಿರುಗದ ಹಾಗೆ ಹಿಡಿಯೋ ಲಾಕಿಂಗ್ ಪಿನ್ ಮೇಲೆ ಮಾತ್ರ ಆ ಭಾರ ಹಾಕ್ಬೇಡಿ, ಮುರಿಯುತ್ತೆ). ಬೆಲ್ಟ್ ಬಿಗಿ ಇಡೋ ಟೆನ್ಷನರ್, ಅದನ್ನ ದಾರೀಲಿ ಹಿಡಿಯೋ ಐಡ್ಲರ್ ರಾಟೆ ಎಲ್ಲಾ ಹೊಸದು.

ಬೆಲ್ಟ್ ಕೂರಿಸಿ ಸ್ಪ್ಯಾನರಲ್ಲಿ ಎಂಜಿನ್ನ ಕೈಯಿಂದ್ಲೇ ಎರಡು ಸುತ್ತು ತಿರುಗಿಸಿ ನೋಡ್ತೀನಿ, ಕ್ಯಾಮ್ ಪುಲ್ಲಿ ಮೇಲಿನ ಮಾರ್ಕ್ ಇರ್ಬೇಕಾದ ಜಾಗಕ್ಕಿಂತ ಒಂದು ಹಲ್ಲು ಆಚೆ! ಬೆವರು ಕಿತ್ಕೊಂಡು ಬಂತು. ಟೆನ್ಷನರ್ ಸಡಿಲ ಮಾಡಿ ಮತ್ತೆ ಕೂರಿಸ್ದೆ, ಮತ್ತೆರಡು ಸುತ್ತು, ಈ ಸಲ ಕರೆಕ್ಟ್. ಅರ್ಧ ಕೂಲೆಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ತುಂಬಿ, ಹೀಟರ್ ಆನ್ ಇಟ್ಟು ಒಳಗೆ ಸಿಕ್ಕೊಂಡಿದ್ದ ಗಾಳಿ ಹೊರಗೆ ಬಿಟ್ಟೆ.

ಈಗ 400 ಕಿಮೀ ಆಯ್ತು, ರಾತ್ರಿ ಕೆಳಗಿಡೋ ರಟ್ಟು ಒಣಗೇ ಇದೆ. ಅಪ್ಪ ಮಾತ್ರ ಇನ್ನೂ ಗಾಡಿ ಹತ್ತಕ್ಕೆ ಒಪ್ತಿಲ್ಲ.