ಕಾಳಯುಕ್ತಿ ವರ್ಷ ತೀರಿಕೊಂಡ ಮುತ್ತಜ್ಜನನ್ನು ಎಲ್ಲಿ ಹುಡುಕಲಿ?

ಪ್ರಶ್ನೆ: ನಮ್ಮ ಮೂಲ ಊರು ರೋಣ ತಾಲೂಕಿನ ಒಂದು ಹಳ್ಳಿ. ಮುತ್ತಜ್ಜನ ಹೆಸರೊಂದು ಗೊತ್ತು, ಅಷ್ಟೇ. ‘ಕಾಳಯುಕ್ತಿ ಸಂವತ್ಸರ, ದೀಪಾವಳಿ ಹತ್ತಿರ, ಜ್ವರ ಬಂದು ಮೂರೇ ದಿನಕ್ಕೆ ಹೋದ’ ಅಂತ ಅಜ್ಜಿ ಹೇಳುತ್ತಿದ್ದರು. ಹೊಲ ಯಾವಾಗಲೋ ಮಾರಿಯಾಗಿದೆ. ಆನ್‌ಲೈನ್ ಪಹಣಿಯಲ್ಲಿ ನಮ್ಮವರ ಹೆಸರೇ ಇಲ್ಲ. ದಾಖಲೆ ಕೋಣೆಯಲ್ಲಿ ಕೆಲಸ ಮಾಡಿದವರು ಯಾರಾದರೂ ದಾರಿ ತೋರಿಸುತ್ತೀರಾ?

ಉತ್ತರ: ಅಜ್ಜಿ ನಿಮಗೆ ಇಸವಿಯನ್ನೇ ಕೊಟ್ಟು ಹೋಗಿದ್ದಾರೆ! ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. ಕಾಳಯುಕ್ತಿ ಬಂದದ್ದು 1858, 1918, 1978ರಲ್ಲಿ. ನಿಮ್ಮ ಮುತ್ತಜ್ಜನಿಗೆ ಹೊಂದುವುದು 1918. ಆ ದೀಪಾವಳಿಯ ಆಸುಪಾಸಿನಲ್ಲೇ ಇನ್‌ಫ್ಲುಯೆಂಜಾ ಮುಂಬೈ ಪ್ರಾಂತ್ಯದಲ್ಲಿ ಮನೆಮನೆ ಹೊಕ್ಕಿತ್ತು. ರೋಣ ಆಗ ಅದೇ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು.

ಜನಗಣತಿ ಕಡೆ ಹೋಗಬೇಡಿ. ಆಗಿನ ಮನೆವಾರು ಹಾಳೆಗಳನ್ನು ಇಟ್ಟುಕೊಂಡಿಲ್ಲ. ಹೊಲದ ಬೆನ್ನು ಹತ್ತಿ. ಮುಂಬೈ ಪ್ರಾಂತ್ಯದಲ್ಲಿ ಹಕ್ಕು ದಾಖಲೆ ಕಾಯ್ದೆ 1903ರಲ್ಲೇ ಬಂದಿತ್ತು. ಹೊಲದ ಯಜಮಾನ ಸತ್ತರೆ ವಾರಸಾ, ಅಂದರೆ ಹೊಲ ವಾರಸುದಾರರ ಹೆಸರಿಗೆ ಆಗಲೇಬೇಕು, ಅದು ಡೈರಿಯಲ್ಲಿ, ಅಂದರೆ ಹಕ್ಕು ಬದಲಾವಣೆ ಬರೆಯುವ ಪುಸ್ತಕದಲ್ಲಿ ಬರಲೇಬೇಕು. ನಿಮಗೆ ಬೇಕಾದದ್ದು ಆ ಒಂದು ಹಾಳೆ.

ಆನ್‌ಲೈನ್ ಪಹಣಿಯಲ್ಲಿ ಕಾಣುವುದು ಕಂಪ್ಯೂಟರ್ ಬಂದ ಮೇಲಿನದು. ಊರಿಗೆ ಹೋಗಿ, ಹೊಲದ ಹೆಸರು ಕೇಳಿ. ಬನ್ನಿಗಿಡದ ಹೊಲ, ಹಳ್ಳದ ಪಟ್ಟಿ ಅಂತ ವಯಸ್ಸಾದವರು ಯಾರಾದರೂ ಹೇಳುತ್ತಾರೆ. ಈಗ ಉಳುವವರ ಪಹಣಿಯಿಂದ ಸರ್ವೆ ನಂಬರ್ ಸಿಗುತ್ತದೆ. ಈಗ 112/1ಎ ಅಂತಿದ್ದರೆ ಆಗ ಬರೀ 112 ಇದ್ದಿರಬಹುದು. ಆ ನಂಬರ್ ಬರೆದು, 1918ರಿಂದ 1922ರವರೆಗಿನ ಡೈರಿಯ ದೃಢೀಕೃತ ನಕಲು ಬೇಕು ಅಂತ ತಾಲೂಕು ಕಚೇರಿಗೆ ಅರ್ಜಿ ಕೊಡಿ. ಸುಮ್ನೆ ‘ಹಳೇ ದಾಖಲೆ ಕೊಡಿ’ ಅಂದರೆ ಯಾರಿಗೂ ಹುಡುಕಲು ಆಗುವುದಿಲ್ಲ. ಯಾವುದಾದರೂ ಕಾಗದ ಮೋಡಿ ಲಿಪಿಯಲ್ಲಿ (ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಕೂಡುಬರಹ) ಸಿಕ್ಕರೆ ಗಾಬರಿಯಾಗಬೇಡಿ, ಓದುವವರು ಈಗಲೂ ಇದ್ದಾರೆ.

ಇನ್ನೊಂದು ಮಾತು. ನಿಮ್ಮ ಮನೆತನಕ್ಕೆ ಹೆಳವರು ಬರುತ್ತಿದ್ದರಾ? ಎತ್ತಿನ ಜೊತೆ ಬಂದು, ವಂಶದ ಹೆಸರುಗಳನ್ನು ಓದಿ ಹೇಳಿ, ಕಾಳು, ಬಟ್ಟೆ ತೆಗೆದುಕೊಂಡು ಹೋಗುವವರು. ಕಚೇರಿಯ ಕಾಗದ ಹೊಲ ಇದ್ದವರನ್ನು ಮಾತ್ರ ನೆನಪಿಡುತ್ತದೆ. ಹೆಳವರ ಪುಸ್ತಕದಲ್ಲಿ ಅದಕ್ಕೂ ಹಿಂದಿನ ತಲೆಗಳು ಸಿಗುತ್ತವೆ, ಯಾವ ಊರಿಂದ ಬಂದವರು ಅನ್ನುವುದೂ ಸಿಗುತ್ತದೆ. ನನಗೆ ಅವರ ಮೇಲೆ ಜಾಸ್ತಿ ನಂಬಿಕೆ.

ಮರುಪ್ರಶ್ನೆ (ಎರಡು ತಿಂಗಳ ನಂತರ): ಸರ್, ಹಾಳೆ ಸಿಕ್ಕಿತು! ಕೈ ನಡುಗುತ್ತಿತ್ತು. ಮುತ್ತಜ್ಜನ ಹೆಸರಿನ ಕೆಳಗೆ ಇಬ್ಬರು ಮಕ್ಕಳ ಹೆಸರಿದೆ. ಪಕ್ಕದಲ್ಲಿ ‘ಅ.ಪಾ.ಕ. ತಾಯಿ’ ಅಂತ ಬರೆದು ಒಂದು ಹೆಣ್ಣಿನ ಹೆಸರು, ಆಮೇಲೆ ‘ಕೋಂ’. ಏನಿದು?

ಉತ್ತರ: ಅಜ್ಞಾನ ಪಾಲನಕರ್ತರು. ಅಂದರೆ ಹುಡುಗರು ಇನ್ನೂ ಚಿಕ್ಕವರು, ಅವರ ಪರವಾಗಿ ತಾಯಿ ನಿಂತಿದ್ದಾಳೆ. ‘ಕೋಂ’ ಅಂದರೆ ಇಂಥವರ ಹೆಂಡತಿ. ಅದು ನಿಮ್ಮ ಮುತ್ತಜ್ಜಿ. ಆ ಕಾಲದ ಹೆಣ್ಣುಮಕ್ಕಳ ಹೆಸರು ಸರ್ಕಾರಿ ಕಾಗದದಲ್ಲಿ ಸಿಗುವುದೇ ಅಪರೂಪ. ಗಂಡ ಹೋದ ಮೇಲೆ ಹೊಲ ಉಳಿಸಿಕೊಂಡವಳು ಅವಳೇ ಅಲ್ವಾ? ಕೆಳಗೆ ಮೂಲೆಯಲ್ಲಿ ನೋಡಿ, ಹೆಬ್ಬೆಟ್ಟಿನ ಗುರುತು ಇರಬಹುದು. ನಕಲಿನಲ್ಲಿ ಮಸುಕಾಗಿದ್ದರೆ ಮೂಲ ಪುಸ್ತಕ ತೆಗೆಸಿ ನೋಡಿ.