ಕೊಳಕ್ಕೆ ಆರು ಕಾಡುಬಾತು ಬಂದಿವೆ, ಏನು ಹಾಕಲಿ? ಅನುಭವ ಇದ್ದವರು ಹೇಳಿ

ಹೊಸ ಕೊಳ: ಮನೆ ಹಿಂದೆ 20 ಅಡಿ ಉದ್ದದ ಕೊಳವಿದೆ. 15 ದಿನದಿಂದ ಆರು ಮಲ್ಲಾರ್ಡ್ ಬಾತುಗಳು ಬಂದು ಕೂತಿವೆ. ಬ್ರೆಡ್ ಹಾಕೋಣ ಅಂತ ಮಕ್ಕಳದು ಒಂದೇ ಹಟ. ಹಾಕಬಹುದಾ? ಬೇಡವಾದರೆ ಏನು, ದಿನಕ್ಕೆ ಎಷ್ಟು?

ಹನ್ನೊಂದು ಬಕೆಟ್: ಬ್ರೆಡ್ ಬೇಡ. ನಾಲ್ಕು ವರ್ಷ ಹಾಕಿದವನು ನಾನು, ಅದಕ್ಕೇ ಹೇಳುತ್ತಿದ್ದೇನೆ. ದಿನಾ ಬೆಳಗ್ಗೆ 8 ತುಂಡು. ಅವು ಮುಗಿಬಿದ್ದು ತಿನ್ನುತ್ತಿದ್ದವು, ನನಗೂ ಖುಷಿ. ಉಳಿದದ್ದು ನೆನೆದು ತಳಕ್ಕೆ ಇಳಿಯುತ್ತಿತ್ತು, ಅದು ಮಾತ್ರ ಕಾಣುತ್ತಿರಲಿಲ್ಲ. ಮೂರನೇ ಬೇಸಿಗೆಗೆ ನೀರು ಎಷ್ಟು ಹಸಿರಾಯಿತೆಂದರೆ, ಮಣಿಕಟ್ಟಿನವರೆಗೆ ಕೈ ಅದ್ದಿದರೆ ಬೆರಳು ಕಾಣುತ್ತಿರಲಿಲ್ಲ. ಕೊಳೆತ ಬ್ರೆಡ್ಡು, ಬಾತಿನ ಹಿಕ್ಕೆ, ಎರಡೂ ಪಾಚಿಗೆ ಗೊಬ್ಬರ. ರಾತ್ರಿಯೆಲ್ಲ ಆ ಪಾಚಿಯೇ ಆಮ್ಲಜನಕ ಎಳೆದುಕೊಳ್ಳುತ್ತದೆ. ಬೆಳಗಿನ ಜಾವ ನೋಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅರ್ಧ ನೀರು ಹೊರಹಾಕಿ ತಳ ಕೆರೆದೆ. 11 ಬಕೆಟ್ ಕೆಸರು, ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆ. ಮರುವರ್ಷ ಮತ್ತೆ 7 ಬಕೆಟ್. ನಡುವೆ ಪಂಪ್ ಎರಡು ಸಲ ಕಟ್ಟಿಕೊಂಡಿತು. ಗಾಳಿ ಬಿಡುವ ಯಂತ್ರದ ಪೈಪ್ ಒಡೆದದ್ದು ಬೇರೆ ಕಥೆ. ಸೊಂಟ ಇನ್ನೂ ಸರಿಯಾಗಿಲ್ಲ.

ಹಿಡಿ ಓಟ್ಸ್: ಬ್ರೆಡ್ ಬಿಟ್ಟರೆ ಬೇರೆ ಏನೂ ಇಲ್ಲವೇನೋ ಎಂಬಂತೆ ಬರೆದಿದ್ದೀರಿ. ನಾನು ಹಾಕುವುದು ಓಟ್ಸ್, ಒಡೆದ ಮೆಕ್ಕೆಜೋಳ, ಫ್ರಿಜ್ಜಿನಿಂದ ತೆಗೆದು ತಣಿವು ಬಿಡಿಸಿದ ಬಟಾಣಿ, ಸಣ್ಣಗೆ ಹೆಚ್ಚಿದ ಲೆಟ್ಯೂಸ್. ಮೂರು ವರ್ಷವಾಯಿತು, ನೀರು ತಿಳಿಯಾಗೇ ಇದೆ. ಆದರೆ ಇಲಿ! ಮೊದಲ ವರ್ಷ ಪುಣ್ಯಕ್ಕೆಂದು ತಟ್ಟೆ ತುಂಬಿ ರಾತ್ರಿ ಬಿಟ್ಟು ಮಲಗುತ್ತಿದ್ದೆ. ಮೂರು ವಾರಕ್ಕೆ ಹಲಗೆ ಕಟ್ಟೆಯ ಕೆಳಗೆ ಬಿಲ, ಆಮೇಲೆ ಎರಡು, ಆಮೇಲೆ ಎಣಿಸುವುದನ್ನೇ ಬಿಟ್ಟೆ. ತೋಟದ ನೀರಿನ ಪೈಪ್ ನಾಲ್ಕು ಕಡೆ ಕಚ್ಚಿಹಾಕಿದ್ದವು. ಇನ್ನೊಂದು, ಸುದ್ದಿ ಬೇಗ ಹರಡುತ್ತದೆ. 5 ಬಾತು ಇದ್ದದ್ದು ಎರಡು ತಿಂಗಳಲ್ಲಿ 31 ಆದವು. ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುವಂತಿಲ್ಲ. ಗಂಡುಗಳು ಸೇರಿ ಒಂದು ಹೆಣ್ಣನ್ನು ನೀರಲ್ಲಿ ಅದುಮಿ ಹಿಡಿದದ್ದನ್ನು ನೋಡಿ ನಾನೇ ಕೋಲು ಹಿಡಿದು ಇಳಿದೆ, ಮೊಣಕಾಲವರೆಗೆ ಕೆಸರು.

ಸುಮ್ನಿರಿ ಸ್ವಲ್ಪ: ಹೊಟ್ಟೆ ತುಂಬಿಸಿ ಕರೆದವರು ನೀವು, ಬಂದದ್ದಕ್ಕೆ ಕೋಲು. ಏನೂ ಹಾಕಬೇಡಿ. ಒಂದು ಬೆಳಗ್ಗೆ ದಡದಲ್ಲಿ ಕೂತು ನೋಡಿದ್ದೀರಾ? ಬಾಲ ಮೇಲೆ, ತಲೆ ಕೆಳಗೆ. ಎದ್ದಾಗ ಕೊಕ್ಕಿನ ಎರಡೂ ಕಡೆಯಿಂದ ನೀರು ಸಣ್ಣಗೆ ಸೋರುತ್ತದೆ. ಅಂಚಿನಲ್ಲಿ ಬಾಚಣಿಗೆಯಂಥ ಸಾಲು ಇದೆ. ನೀರು ಹೋಗುತ್ತದೆ, ಬೀಜ, ಹುಳು, ಮರಿ ಬಸವನಹುಳು ಒಳಗೇ ಉಳಿಯುತ್ತವೆ. ನಾನು ಹಾಕಿದ್ದೆಲ್ಲ ಗಿಡ. ಜೊಂಡು, ನೀರುಹುಲ್ಲು, ನೀರ ಮೇಲೆ ತೇಲುವ ಪುಟ್ಟ ಎಲೆಯ ಡಕ್‌ವೀಡ್. ಮೊದಲ ಸಲ ನೆಟ್ಟ 40 ಸಸಿಯನ್ನು ನಾಲ್ಕು ದಿನದಲ್ಲಿ ಬುಡಸಮೇತ ಕಿತ್ತು ತಿಂದವು. ಎರಡನೇ ಸಲ 40, ಅದೂ ಹೋಯಿತು. ಮೂರನೇ ಸಲ ಒಂದೊಂದಕ್ಕೂ ತಂತಿ ಬಲೆಯ ಗೂಡು ಕಟ್ಟಿದೆ. ಬೆರಳೆಲ್ಲ ಗೀರು. ಈಗ ನೋಡಲು ಬನ್ನಿ.

ಹನ್ನೊಂದು ಬಕೆಟ್: ಡಕ್‌ವೀಡ್ ಬೆಳೆಸಿ ಕೊಡುವುದು ಹಾಕಿದಂತಲ್ಲವಾ? ನಮ್ಮದು ಮಾತ್ರ ತಪ್ಪು.

ಸುಮ್ನಿರಿ ಸ್ವಲ್ಪ: ಅದು ಕೊಳದಲ್ಲೇ ಬೆಳೆಯುತ್ತದೆ, ಅಲ್ಲೇ ಗೊಬ್ಬರ ಹೀರುತ್ತದೆ. ನಿಮ್ಮ ಬ್ರೆಡ್ಡು ಹೊರಗಿನಿಂದ ಬಂದದ್ದು. ಇಷ್ಟು ಗೊತ್ತಾಗಲು 11 ಬಕೆಟ್ ಬೇಕಾಯಿತಾ?

ಹನ್ನೊಂದು ಬಕೆಟ್: 18. ಎಣಿಸಲು ಬರದಿದ್ದರೆ ಸುಮ್ನಿರಿ.

ಏಳು ಮರಿ: ಇಲ್ಲಿ ಎಲ್ಲರೂ ದೊಡ್ಡ ಬಾತಿನ ಮಾತೇ ಆಡುತ್ತಿದ್ದೀರಿ. ಮರಿ ಬಂದರೆ? ನನಗೆ ಪೊದೆಯಲ್ಲಿ ಏಳು ಸಿಕ್ಕವು, ತಾಯಿ ಇಲ್ಲ. ಕೋಳಿಮರಿ ಆಹಾರ ಹಾಕಿದೆ, ಹಕ್ಕಿ ಹಕ್ಕಿಯೇ ಅಲ್ವಾ ಅಂದುಕೊಂಡೆ. ಹತ್ತನೇ ದಿನ ಒಂದು ಕುಂಟಿತು, ಹನ್ನೆರಡಕ್ಕೆ ಮೂರು. ಕಾಲು ಬಿಲ್ಲಿನಂತೆ ಬಾಗಿ, ಹಿಮ್ಮಡಿಯ ಮೇಲೆ ತೆವಳುತ್ತಿದ್ದವು. ನಯಾಸಿನ್ ಅನ್ನುವ ಬಿ ವಿಟಮಿನ್ ಕೊರತೆ. ಬಾತುಮರಿಗೆ ಕೋಳಿಮರಿಗಿಂತ ಅದು ಜಾಸ್ತಿ ಬೇಕು, ನನಗೆ ಗೊತ್ತಾದದ್ದು ಆಮೇಲೆ. ಅದು ಇರುವ ಬ್ರೂವರ್ಸ್ ಯೀಸ್ಟ್ ಪುಡಿ ಬೆರೆಸಿದೆ. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ನೀರಿನ ಬಟ್ಟಲು ತುಂಬಿದೆ, ಬಿಸಿ ದೀಪದ ಎತ್ತರ ಬದಲಿಸಿದೆ. ಐದು ಉಳಿದವು. ಎರಡನ್ನು ಬೇಲಿ ಬುಡದಲ್ಲಿ ಹೂತೆ.

ಸುಮ್ನಿರಿ ಸ್ವಲ್ಪ: ತಾಯಿ ಇಲ್ಲ ಅಂತ ಹೇಗೆ ಗೊತ್ತು? ಎಷ್ಟು ಹೊತ್ತು ಕಾದಿರಿ?

ಏಳು ಮರಿ: ಅರ್ಧ ಗಂಟೆ.

ಸುಮ್ನಿರಿ ಸ್ವಲ್ಪ: ಅರ್ಧ ಗಂಟೆ! ನೀವು ಹತ್ತಿರ ನಿಂತಿದ್ದರೆ ಅದು ಬರುತ್ತಾ? ಮೊದಲ ವಾರಗಳಲ್ಲಿ ಮರಿ ತಿನ್ನುವುದೇ ಹೆಚ್ಚಾಗಿ ನೀರಿನ ಹುಳು. ತಾಯಿ ಅದಿರುವ ಕಡೆ ನಡೆಸಿಕೊಂಡು ಹೋಗುತ್ತದೆ. ನೀವು ಎತ್ತಿಕೊಂಡು ಬಂದು ಕಾಲು ಬಾಗಿಸಿದಿರಿ.

ಏಳು ಮರಿ: ಹದಿನಾಲ್ಕು ರಾತ್ರಿ ನಿದ್ದೆಗೆಟ್ಟವಳಿಗೆ ಇದನ್ನು ಹೇಳುತ್ತೀರಾ. ನಿಮ್ಮ ಜೊಂಡು ನಿಮಗಿರಲಿ.

ಹಿಡಿ ಓಟ್ಸ್: ಜಗಳ ನಿಲ್ಲಿಸಿ. ಬ್ರೆಡ್ ತಿಂದ ಮರಿಗೆ ರೆಕ್ಕೆ ತಿರುಚಿ ಹೊರಕ್ಕೆ ಚಾಚುತ್ತದೆ, ಏಂಜಲ್ ವಿಂಗ್ ಅಂತಾರೆ, ಅದನ್ನು ಯಾರೂ ಹೇಳಲೇ ಇಲ್ಲ.

ಕೆರೆದಡ: ಅದೂ ಅರ್ಧ ಸತ್ಯ. ಅದು ಬರುವುದು ಬೆಳೆಯುವ ಮರಿಗೆ, ದೊಡ್ಡದಕ್ಕೆ ಬರುವುದಿಲ್ಲ. ಕೊಬ್ಬಿಸುವಂಥ ಆಹಾರ ಜಾಸ್ತಿಯಾಗಿ ರೆಕ್ಕೆಯ ಗರಿ ಬೇಗ ಭಾರವಾಗುತ್ತದೆ, ಮಣಿಕಟ್ಟು ತಾಳುವುದಿಲ್ಲ ಅಂತ ಹೇಳುತ್ತಾರೆ. ತಪ್ಪೆಲ್ಲ ಬ್ರೆಡ್ಡಿನ ತಲೆಗೆ ಕಟ್ಟುವುದು ಸುಲಭ. ನನಗೆ ಹೆದರಿಕೆ ಬೂಷ್ಟಿನದು. ಬೂಷ್ಟು ಹಿಡಿದ ಬ್ರೆಡ್ಡು ಹಾಕಿದರೆ ಶ್ವಾಸಕೋಶಕ್ಕೇ ಹೊಡೆತ. ಇನ್ನೊಂದು, ಬೇಸಿಗೆಯಲ್ಲಿ ಬೆಚ್ಚಗೆ ನಿಂತ ನೀರು. ನಮ್ಮ ಕೊಳದಲ್ಲಿ ಬಾತುಗಳು ಕತ್ತು ಎತ್ತಲಾಗದೆ ನೀರಲ್ಲಿ ತಲೆ ಇಟ್ಟುಕೊಂಡು ತೇಲುತ್ತಿದ್ದವು. ಬಾಟ್ಯುಲಿಸಂ, ಬ್ಯಾಕ್ಟೀರಿಯಾದ ವಿಷದಿಂದ ಬರುವ ಪಾರ್ಶ್ವವಾಯು. ಸತ್ತ ಹಕ್ಕಿಯ ಮೇಲಿನ ಹುಳು ತಿಂದು ಇನ್ನೊಂದು ಸಾಯುತ್ತದೆ. ಕೈಗವಸು ಹಾಕಿಕೊಂಡು 9 ಹೆಣ ಎತ್ತಿದೆ.

ಹನ್ನೊಂದು ಬಕೆಟ್: ನಿಮ್ಮ ಕೊಳ ಎಷ್ಟು ಆಳ? ನನ್ನದು ನಾಲ್ಕಡಿ, ನನಗೆ ಅದು ಬರಲಿಲ್ಲ.

ಕೆರೆದಡ: ಎರಡಡಿ. ಆಳ ಮಾಡಿಸಲು ಹೋಗಿ, ನೀರು ಇಂಗದಂತೆ ತಳಕ್ಕೆ ಹಾಸಿದ್ದ ಹಾಳೆ ಹರಿಯಿತು. ಅದರ ಬಗ್ಗೆ ಕೇಳಬೇಡಿ.

ಹನ್ನೊಂದು ಬಕೆಟ್: ಕೇಳುತ್ತೇನೆ. ರಬ್ಬರ್ ಹಾಳೆಯಾ, ಪಿವಿಸಿಯಾ?

ಹೊಸ ಕೊಳ: ನನ್ನದು ಆರು ಬಾತು. ಬರೀ ಅಷ್ಟೇ. ಎಷ್ಟು ಹಾಕಲಿ?

ಹಿಡಿ ಓಟ್ಸ್: ವಾರಕ್ಕೆ ಎರಡು ಮೂರು ಸಲ, ಆರಕ್ಕೂ ಸೇರಿ ಒಂದು ಹಿಡಿ. ದಡದ ಹತ್ತಿರ ಸ್ವಲ್ಪ ಸ್ವಲ್ಪ ಹಾಕಿ. ತಿನ್ನುವುದು ನಿಧಾನವಾಯಿತು ಅಂದರೆ ನಿಲ್ಲಿಸಿ, ಉಳಿದದ್ದನ್ನು ಎತ್ತಿ. ಮಕ್ಕಳ ಕೈಗೆ ಬಟಾಣಿ ಕೊಡಿ, ಆಮೇಲೆ ಸೋಪು ಹಚ್ಚಿ ಕೈ ತೊಳೆಸಿ. ಉಪ್ಪು ಹಾಕಿದ ಚಿಪ್ಸ್ ಬೇಡವೇ ಬೇಡ.

ಸುಮ್ನಿರಿ ಸ್ವಲ್ಪ: ಹಿಡಿ ಅಂದರೆ ಯಾರ ಹಿಡಿ? ಹೀಗೇ ಶುರುವಾಗಿ 31 ಆದದ್ದು.

ಕೆರೆದಡ: ಹಾಳೆ ರಬ್ಬರಿನದು. ಇಪಿಡಿಎಂ ಅನ್ನುವ ಬಗೆ. ಮೂಲೆಯಲ್ಲಿ ಸಲಿಕೆ ತಾಗಿತು. ತೇಪೆ ಮೂರು ಸಲ ಹಾಕಿದೆ, ಮೂರೂ ಸಲ ಬಿಟ್ಟುಬಂತು.