ಹಳ್ಳಿಯ ಯುದ್ಧಸ್ಮಾರಕದಲ್ಲಿ ಸಂಖ್ಯೆ ಮಾತ್ರವಿದೆ. ಮಡಿದವರ ಹೆಸರು ಎಲ್ಲಿ ಸಿಕ್ಕೀತು?

ಪ್ರಶ್ನೆ (ಕೋಥರೂಡ, ಪುಣೆ)
ನನ್ನ ಸೊಸೆಯ ತವರು ಸಾತಾರಾ ಜಿಲ್ಲೆಯ ಒಂದು ಸಣ್ಣ ಹಳ್ಳಿ. ಅಲ್ಲಿಯ ಚಾವಡಿಯ ಗೋಡೆಯಲ್ಲಿರುವ ಕಲ್ಲಿನ ಮೇಲೆ, 1914–1919ರ ಮಹಾಯುದ್ಧಕ್ಕೆ ಈ ಊರಿನಿಂದ ಇಷ್ಟು ಮಂದಿ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣ ಕೊಟ್ಟರು ಎಂಬ ಇಂಗ್ಲಿಷ್ ಒಕ್ಕಣೆಯ ಹೊರತು ಒಂದು ಹೆಸರೂ ಇಲ್ಲ. ವರ್ಷವರ್ಷವೂ ಬಣ್ಣ ಬಳಿದು ಅಕ್ಷರಗಳೂ ಅರ್ಧ ತುಂಬಿಹೋಗಿವೆ. ಮಡಿದವರ ಹೆಸರುಗಳನ್ನು ಪಕ್ಕದಲ್ಲಿ ಬೇರೆ ಕಲ್ಲಿನಲ್ಲಿ ಕೆತ್ತಿಸಬೇಕೆಂದು ಬೀಗರೂ ಊರ ಹಿರಿಯರೂ ಬಯಸಿದ್ದಾರೆ. ಇಲ್ಲಿ ಪುಣೆಯ ಖಡಕಿಯಲ್ಲಿರುವ ಯುದ್ಧಸ್ಮಾರಕದಲ್ಲಿ ಹುಡುಕಿದರೆ ಸಿಗಬಹುದೇ?

ಉತ್ತರ (ಹಡಪಸರ, ಪುಣೆ)
ಖಡಕಿಗೆ ಹೋಗಿ ಪ್ರಯೋಜನವಿಲ್ಲ. ಅಲ್ಲಿಯ 1914–18ರ ಸ್ಮಾರಕವು ಯುದ್ಧಕಾಲದಲ್ಲಿ ಭಾರತದಲ್ಲಿಯೇ ತೀರಿಕೊಂಡು ಇಲ್ಲಿಯ ದಂಡಿನ ಸ್ಮಶಾನಗಳಲ್ಲಿ ಮಣ್ಣಾದ 1,800ಕ್ಕೂ ಹೆಚ್ಚು ಸೈನಿಕರದು. ಸಾತಾರಾ ಸೀಮೆಯವರು ಹೆಚ್ಚಾಗಿ ಮರಾಠಾ ಪಲ್ಟನ್ನುಗಳನ್ನು ಸೇರುತ್ತಿದ್ದರು. ಅವುಗಳಲ್ಲಿ 103, 110 ಮತ್ತು 117ನೆಯವು ಪೂನಾ ಡಿವಿಜನ್ನಿನೊಂದಿಗೆ ಇಂದಿನ ಇರಾಕಿಗೆ ಹೋಗಿ, ಕುತ್ ಪಟ್ಟಣದ ಮುತ್ತಿಗೆಯಲ್ಲಿ ತಿಂಗಳುಗಟ್ಟಲೆ ಹಸಿವಿನಿಂದ ನರಳಿ, 1916ರ ಏಪ್ರಿಲ್ 29ರಂದು ತುರ್ಕರಿಗೆ ಸೆರೆಯಾದವು. ಆ ರಣಭೂಮಿಯಲ್ಲಿ ಸಮಾಧಿಯ ಗುರುತಿಲ್ಲದೆ ಹೋದವರ ಸ್ಮಾರಕ ಬಸ್ರಾದಲ್ಲಿದೆ. ಅಲ್ಲಿಯೂ ನಮ್ಮ ಅಧಿಕಾರಿಗಳ ಹೆಸರನ್ನಷ್ಟೇ ಕೆತ್ತಿ, ಸಿಪಾಯಿಗಳನ್ನು ಪಲ್ಟನ್ನುವಾರು ಸಂಖ್ಯೆಯಲ್ಲಿ ಮುಗಿಸಿದರೆಂಬುದು ನಾಚಿಕೆಗೇಡಿನ ಸಂಗತಿ.

ಆದರೂ ದಫ್ತರದಲ್ಲಿ ಹೆಸರುಗಳು ಉಳಿದಿವೆ. ಯುದ್ಧದಲ್ಲಿ ಮಡಿದವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಎಷ್ಟೋ ಸಿಪಾಯಿಗಳ ಹೆಸರಿನೊಡನೆ ತಂದೆಯ ಹೆಸರು, ಊರು, ಜಿಲ್ಲೆಗಳೂ ಇವೆ. ಪಲ್ಟನ್ನು ಮತ್ತು ಜಿಲ್ಲೆಯನ್ನು ಹಿಡಿದು ಹುಡುಕುವುದು ಮೇಲು, ಏಕೆಂದರೆ ಗುಮಾಸ್ತರು ಊರುಗಳ ಹೆಸರನ್ನು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾರೆ.

ಉತ್ತರ (ಡೊಂಬಿವಲಿ)
ಮನೆಗಳಲ್ಲಿಯೂ ವಿಚಾರಿಸಿ. ಮಡಿದವರ ಮನೆಯವರಿಗೆ ಸರ್ಕಾರ ಸುಮಾರು 12 ಸೆಂಟಿಮೀಟರ್ ಅಗಲದ ದುಂಡನೆಯ ಕಂಚಿನ ಫಲಕ ಕಳುಹಿಸುತ್ತಿತ್ತು. ಅದರಲ್ಲಿ ಸತ್ತವನ ಹೆಸರು ಉಬ್ಬಕ್ಷರದಲ್ಲಿರುತ್ತದೆ. ಪದಕ ಸಿಕ್ಕರೆ ಅದರ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಸಿಪಾಯಿಯ ನಂಬರು, ಹುದ್ದೆ, ಹೆಸರು, ಪಲ್ಟನ್ನು ಎಲ್ಲವೂ ಅಲ್ಲಿರುತ್ತವೆ. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಲು ಬಿಡಬೇಡಿ.

ಇನ್ನೊಂದು ಮಾತು: ವಿಚಾರಣೆ ಚಾವಡಿಯಲ್ಲಿಯೇ ಮುಗಿಯಬಾರದು. ಅಸ್ಪೃಶ್ಯರೆನಿಸಿಕೊಂಡಿದ್ದ ಮಹಾರರೂ ದಂಡಿಗೆ ಸೇರಿದ್ದರು; 1917ರಲ್ಲಿ ಕಟ್ಟಿದ ಅವರ 111ನೆಯ ಪಲ್ಟನ್ನನ್ನು 1921ರಲ್ಲಿ ವಿಸರ್ಜಿಸಿದರು. ಊರ ಹಿರಿಯರು ಮರೆತ ಹೆಸರುಗಳು ಮಹಾರ ಕೇರಿಯ ಮನೆಗಳಲ್ಲಿ ನೆನಪಿರಬಹುದು.

ಉತ್ತರ (ಹಡಪಸರ, ಪುಣೆ)
ಒಪ್ಪುತ್ತೇನೆ. ಕಲ್ಲಿನ ಲೆಕ್ಕ 1919ಕ್ಕೆ ನಿಂತರೆ ಕಮಿಷನ್ನಿನ ಲೆಕ್ಕ 1921ರ ಆಗಸ್ಟ್ 31ರವರೆಗೆ ಹೋಗುತ್ತದೆ, ಆದ್ದರಿಂದ ಎರಡೂ ತಾಳೆಯಾಗದೆ ಇರಬಹುದು. ಸಂಖ್ಯೆ ತುಂಬಿಸುವುದಕ್ಕಾಗಿ ಅನುಮಾನದ ಹೆಸರನ್ನು ಸೇರಿಸದೆ, ಖಚಿತವಾದವನ್ನಷ್ಟೇ ಕೆತ್ತಿಸಿ ಕೆಳಗೆ ನಾಲ್ಕು ಸಾಲಿನ ಜಾಗ ಬಿಡಿಸಿ.